ಹರಿಹರದ ಗಲ್ಲಾದಲ್ಲಿ ಮಾತ್ರ ಸಿಮೆಂಟಿಗೆ ಹಳೆಯ ಶೇ. 28 ತೆರಿಗೆ: ಬ್ರೌಸರಿನ ಕ್ಯಾಶ್ ಅಳಿಸಿದರೂ ಹೋಗುತ್ತಿಲ್ಲ

ಪ್ರಶ್ನೆ: ಲೆಕ್ಕದಮೇಜು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಸಗಟು ಮಳಿಗೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಿಮೆಂಟು, ಕಬ್ಬಿಣ, ಹನಿ ನೀರಾವರಿ ಸಾಮಗ್ರಿ ನಮ್ಮ ವ್ಯಾಪಾರ. ಹರಿಹರದಲ್ಲೂ ಜಗಳೂರಿನಲ್ಲೂ ಶಾಖೆಗಳಿವೆ. ಮೂರೂ ಕಡೆ ಬಿಲ್ ಹಾಕುವುದು ಕ್ರೋಮ್ ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದೇ ತಂತ್ರಾಂಶದಲ್ಲಿ. ಅದನ್ನು ಮಾಡಿಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬೇಡ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೂ, ಹನಿ ನೀರಾವರಿ ಸಾಮಗ್ರಿಯದು ಶೇ. 12ರಿಂದ ಶೇ. 5ಕ್ಕೂ ಇಳಿದದ್ದು ನಿಮಗೆ ಗೊತ್ತೇ ಇದೆ. ಸಂಸ್ಥೆಯವರು ಹೊಸ ದರಗಳಿರುವ ಆವೃತ್ತಿಯನ್ನು ಹಿಂದಿನ ರಾತ್ರಿಯೇ ಹಾಕಿದ್ದರು. ದಾವಣಗೆರೆ ಮತ್ತು ಜಗಳೂರಿನಲ್ಲಿ ಬೆಳಿಗ್ಗೆಯಿಂದಲೇ ಸರಿಯಾದ ದರ ಬಂತು. ಹರಿಹರದ ಗಲ್ಲಾದ ಕಂಪ್ಯೂಟರ್ ಮಾತ್ರ ಇನ್ನೂ ಶೇ. 28 ಎಂದೇ ತೋರಿಸುತ್ತಿದೆ. ತೆರಿಗೆ ಬಿಟ್ಟು 300 ರೂಪಾಯಿ ಬೀಳುವ ಚೀಲಕ್ಕೆ 354 ಆಗಬೇಕಾದಲ್ಲಿ 384 ಎಂದು ಮುದ್ರಣವಾಗುತ್ತದೆ. ಮನೆ ಕಟ್ಟಿಸುತ್ತಿರುವ ರೈತರೊಬ್ಬರು 50 ಚೀಲದ ಬಿಲ್ಲಿನಲ್ಲಿ 1,500 ರೂಪಾಯಿ ಹೆಚ್ಚಾಗಿದೆಯೆಂದು ಅಲ್ಲಿಯೇ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆಯೇ ವಿಷಯ ಯಜಮಾನರ ಕಿವಿಗೆ ಬಿದ್ದದ್ದು.

ವಿಚಿತ್ರವೆಂದರೆ, ಅದೇ ಕಂಪ್ಯೂಟರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ (ಹಿಂದೆ ಉಳಿಸಿದ್ದೇನನ್ನೂ ಬಳಸದ ಖಾಸಗಿ ಕಿಟಕಿ) ತೆರೆದರೆ ಹೊಸ ದರ ಬರುತ್ತದೆ. ಕಂಟ್ರೋಲ್ ಹಿಡಿದು ಎಫ್5 ಒತ್ತಿದರೂ ಬರುತ್ತದೆ, ಆದರೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಳೆಯದೇ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಶ್ ಮಾಡಿದ, ಅಂದರೆ ಬ್ರೌಸರ್ ಮರುಬಳಕೆಗೆಂದು ತೆಗೆದಿಟ್ಟುಕೊಂಡ ಚಿತ್ರಗಳನ್ನೂ ಕಡತಗಳನ್ನೂ ಅಳಿಸಿ ನೋಡಿದ್ದಾಯಿತು, ಪ್ರಯೋಜನವಾಗಲಿಲ್ಲ. ಸಂಸ್ಥೆಯವರು ಪ್ರತಿ ಸಲವೂ “ಕ್ಯಾಶ್ ಕ್ಲಿಯರ್ ಮಾಡಿ ಸರ್” ಎಂದಷ್ಟೇ ಹೇಳಿ ಫೋನ್ ಇಡುತ್ತಾರೆ. ದೋಷ ನಮ್ಮ ಕಂಪ್ಯೂಟರಿನದೋ, ಅವರ ತಂತ್ರಾಂಶದ್ದೋ ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಾರ್ಡ್‌ವೇರ್ ಸೇವೆ, ಹರಿಹರ

ಹಳೆಯ ಕಂಪ್ಯೂಟರಾಗಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋಗಿರಬಹುದು. ಮೊದಲು ಅದನ್ನು ನೋಡಿ. ದಿನಾಂಕ ಸರಿಯಿದ್ದರೆ ಸರ್ವರಿನಲ್ಲಿ ಎಲ್ಲಾ ಕಡತಗಳಿಗೂ ನೋ-ಸ್ಟೋರ್ ಎಂಬ ಸೂಚನೆ ಹಾಕಿಸಿಬಿಡಿ. ಆಗ ಬ್ರೌಸರ್ ಏನನ್ನೂ ಇಟ್ಟುಕೊಳ್ಳುವುದಿಲ್ಲ, ರಗಳೆಯೇ ಇರುವುದಿಲ್ಲ.

ಉತ್ತರ: ಕೋಟೆನಾಡಿನ ಕೋಡಿಗ, ಚಿತ್ರದುರ್ಗ

ದಿನಾಂಕ ಬಹಳ ಹಿಂದಿದ್ದರೆ ಸುರಕ್ಷತಾ ಪ್ರಮಾಣಪತ್ರದ ದೋಷವೆಂದು ಪುಟವೇ ತೆರೆಯುತ್ತಿರಲಿಲ್ಲ. ಆದ್ದರಿಂದ ಅದನ್ನು ಪಕ್ಕಕ್ಕಿಡೋಣ.

ಲೆಕ್ಕದಮೇಜು ಅವರೇ, ನೀವು ಕೊಟ್ಟ ಮೂರು ಸುಳಿವುಗಳು ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಕಂಟ್ರೋಲ್-ಎಫ್5ಕ್ಕೆ ಸರಿಯಾಗುವುದು, ಸಾಮಾನ್ಯವಾಗಿ ತೆರೆದಾಗ ಮತ್ತೆ ಹಾಳಾಗುವುದು, ಕ್ಯಾಶ್ ಅಳಿಸಿದರೂ ಬಗ್ಗದಿರುವುದು: ಇದು ಬರಿಯ ಬ್ರೌಸರ್ ಕ್ಯಾಶ್‌ನ ಲಕ್ಷಣವಲ್ಲ, ಸರ್ವಿಸ್ ವರ್ಕರ್‌ನ ಲಕ್ಷಣ. ನೆಟ್ ಹೋದಾಗಲೂ ಬಿಲ್ ಹಾಕಲು ಆಗುವ ತಂತ್ರಾಂಶಗಳಲ್ಲಿ ಪುಟಕ್ಕೂ ಸರ್ವರಿಗೂ ನಡುವೆ ಈ ಚಿಕ್ಕ ಪ್ರೋಗ್ರಾಂ ಕುಳಿತು, ತನ್ನದೇ ಸಂಗ್ರಹದಿಂದ ಕಡತಗಳನ್ನು ಕೊಡುತ್ತಿರುತ್ತದೆ. ಕಂಟ್ರೋಲ್-ಎಫ್5 ಆ ಒಂದು ಸಲಕ್ಕೆ ಅದನ್ನು ದಾಟಿಹೋಗುತ್ತದೆ. ಮುಂದಿನ ಸಲ ಮತ್ತೆ ಅದರದೇ ಕಾರುಬಾರು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಸಂಗ್ರಹ ಬರುವುದು ಕುಕಿಗಳು ಮತ್ತು ಸೈಟ್ ಡೇಟಾ ಎಂಬ ಸಾಲಿನಡಿ, ನೀವು ಅಳಿಸಿದ ಚಿತ್ರ-ಕಡತಗಳ ಸಾಲಿನಡಿ ಅಲ್ಲ. ನೋ-ಸ್ಟೋರ್ ಹಾಕಿಸುವುದರಿಂದಲೂ ಉಪಯೋಗವಿಲ್ಲ, ಏಕೆಂದರೆ ಸರ್ವಿಸ್ ವರ್ಕರ್ ತಾನೇ ತೆಗೆದಿಟ್ಟುಕೊಂಡ ಪ್ರತಿಗೆ ಆ ಸೂಚನೆ ಅನ್ವಯಿಸುವುದಿಲ್ಲ. ಜಗಳೂರಿನಂತಹ ಕಡೆ ನೆಟ್ ನಿಧಾನವಿದ್ದರೆ ಪ್ರತಿ ಸಲವೂ ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳುವ ಶಿಕ್ಷೆ ಮಾತ್ರ ಉಳಿಯುತ್ತದೆ.

ಹರಿಹರದ ಗುಮಾಸ್ತರಿಗೆ ಹೀಗೆ ಹೇಳಿ: ಹಳೆಯ ದರ ಕಾಣಿಸುತ್ತಿರುವಾಗಲೇ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಪುಟವನ್ನು ಸಾಮಾನ್ಯ ಎಫ್5ನಿಂದ ಮತ್ತೆ ತೆರೆಯಲಿ. ಗಾತ್ರದ ಅಂಕಣದಲ್ಲಿ ಕೆಬಿ ಲೆಕ್ಕದ ಬದಲು ಏನು ಬರೆದಿದೆಯೆಂದು ನೋಡಲಿ. ಆಮೇಲೆ ಅಪ್ಲಿಕೇಶನ್ ಟ್ಯಾಬಿನಲ್ಲಿ ಸರ್ವಿಸ್ ವರ್ಕರ್ಸ್ ಎಂಬ ಭಾಗದ ಚಿತ್ರವೊಂದನ್ನು ತೆಗೆದು ಕಳುಹಿಸಲಿ. ಒಂದು ಎಚ್ಚರಿಕೆ: ಸದ್ಯಕ್ಕೆ ಅಲ್ಲಿ ಯಾವುದನ್ನೂ ಅಳಿಸಬಾರದು. ನೆಟ್ ಇಲ್ಲದಾಗ ಹಾಕಿದ, ಸರ್ವರಿಗೆ ಇನ್ನೂ ಹೋಗದ ಬಿಲ್ಲುಗಳಿದ್ದರೆ ಅವೂ ಅದೇ ಸೈಟ್ ಡೇಟಾದಲ್ಲಿರುತ್ತವೆ. ಒಂದು ಗುಂಡಿ ಒತ್ತಿದರೆ ಅವೂ ಮಾಯವಾಗುತ್ತವೆ.

ಪ್ರಶ್ನಿಸಿದವರು: ಲೆಕ್ಕದಮೇಜು, ದಾವಣಗೆರೆ

ಚಿತ್ರ ಬಂದಿದೆ. ಗಾತ್ರದ ಅಂಕಣದಲ್ಲಿ ಬಹುತೇಕ ಎಲ್ಲಾ ಸಾಲುಗಳಿಗೂ ಸರ್ವಿಸ್ ವರ್ಕರ್ ಎಂದೇ ಇದೆ. ಇನ್ನೊಂದು ಟ್ಯಾಬಿನಲ್ಲಿ ಹಸಿರು ಚುಕ್ಕೆಯ ಒಂದು ಸಾಲು, ಅದರ ಕೆಳಗೆ “ವೇಟಿಂಗ್ ಟು ಆಕ್ಟಿವೇಟ್” ಎಂಬ ಇನ್ನೊಂದು ಸಾಲು ಇವೆ. ಗುಮಾಸ್ತರನ್ನು ಕೇಳಿದೆ: ಅವರು ಬಿಲ್ಲಿಗೊಂದು, ದಾಸ್ತಾನಿಗೊಂದು, ಬಾಕಿ ಪಟ್ಟಿಗೊಂದು ಟ್ಯಾಬ್ ಯಾವಾಗಲೂ ತೆರೆದಿಟ್ಟಿರುತ್ತಾರೆ, ರಾತ್ರಿ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಹೋಗುತ್ತಾರೆ. ದಾವಣಗೆರೆಯಲ್ಲಿ ನಾವು ಪ್ರತಿದಿನ ಸಂಜೆ ಪೂರ್ತಿ ಬಂದ್ ಮಾಡುತ್ತೇವೆ.

ಉತ್ತರ: ಕೋಟೆನಾಡಿನ ಕೋಡಿಗ, ಚಿತ್ರದುರ್ಗ

ಹಾಗಾದರೆ ಕಾರಣ ಸಿಕ್ಕಿತು. ಹೊಸ ಆವೃತ್ತಿ ಹರಿಹರದ ಕಂಪ್ಯೂಟರಿಗೆ ಬಂದಿದೆ, ಬಾಗಿಲಲ್ಲಿ ಕಾಯುತ್ತಿದೆ. ಹಳೆಯ ಸರ್ವಿಸ್ ವರ್ಕರ್ ನಿಭಾಯಿಸುತ್ತಿರುವ ಟ್ಯಾಬ್ ಒಂದಾದರೂ ತೆರೆದಿರುವವರೆಗೆ ಹೊಸದಕ್ಕೆ ಬ್ರೌಸರ್ ಅಧಿಕಾರ ಕೊಡುವುದಿಲ್ಲ. ಬರಿಯ ರಿಫ್ರೆಶ್‌ನಿಂದಲೂ ಆ ಸರತಿ ಮುಂದಕ್ಕೆ ಹೋಗುವುದಿಲ್ಲ. ಯಜಮಾನರು ಹೊಸ ದರಪಟ್ಟಿ ಕಳುಹಿಸಿದರೂ ಎದುರಿಗಿರುವ ಗಿರಾಕಿ ಎದ್ದುಹೋಗುವವರೆಗೆ ಹಳೆಯ ಪಟ್ಟಿಯಲ್ಲೇ ಮಾತಾಡುವ ಗುಮಾಸ್ತನ ಹಾಗೆ ಇದು. ಸ್ಲೀಪ್‌ಗೆ ಹಾಕಿದ ಕಂಪ್ಯೂಟರಿನಲ್ಲಿ ಟ್ಯಾಬುಗಳು ಮುಚ್ಚುವುದೇ ಇಲ್ಲವಾದ್ದರಿಂದ ಆ ಗಿರಾಕಿ ಏಳುವುದೇ ಇಲ್ಲ.

ಈಗಿನ ಪರಿಹಾರ ಸುಲಭ. ಕಳುಹಿಸದ ಬಿಲ್ಲುಗಳಿಲ್ಲವೆಂದು ಖಚಿತಪಡಿಸಿಕೊಂಡು, ಆ ತಂತ್ರಾಂಶದ ಎಲ್ಲಾ ಟ್ಯಾಬುಗಳನ್ನೂ ಮುಚ್ಚಿ, ಮತ್ತೆ ಒಂದನ್ನು ತೆರೆಯಲಿ. ಏನನ್ನೂ ಅಳಿಸುವ ಅಗತ್ಯವಿಲ್ಲ.

ಆದರೆ ಇದನ್ನು ಗುಮಾಸ್ತರ ತಪ್ಪೆಂದು ಬರೆದುಕೊಳ್ಳಬೇಡಿ. ಗಲ್ಲಾದಲ್ಲಿ ಕುಳಿತವರು ಟ್ಯಾಬ್ ತೆರೆದಿಡುವುದು ಸಹಜ; ಅದನ್ನು ಊಹಿಸಿ ಬರೆಯಬೇಕಾದದ್ದು ತಂತ್ರಾಂಶದವರ ಕೆಲಸ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ದೋಷ ಬೇರೆಯೇ ಇದೆ. ಹಳೆಯ ಪುಟ ಶೇ. 28 ಎಂದು ಕಳುಹಿಸಿದ್ದನ್ನು ಸರ್ವರ್ ತುಟಿ ಬಿಚ್ಚದೆ ಒಪ್ಪಿಕೊಂಡು ಬಿಲ್ ಸಂಖ್ಯೆ ಕೊಟ್ಟಿತಲ್ಲ, ಅದು ಆಗಲೇಬಾರದಿತ್ತು. ತೆರಿಗೆಯ ದರ ಬ್ರೌಸರಿನಿಂದ ಬರತಕ್ಕದ್ದಲ್ಲ. ಸರಕಿನ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆಗಾಗಿ ಸರಕನ್ನು ವರ್ಗೀಕರಿಸುವ ಸಂಖ್ಯೆ) ಮತ್ತು ಬಿಲ್ಲಿನ ದಿನಾಂಕ ಇಟ್ಟುಕೊಂಡು ಸರ್ವರೇ ದರವನ್ನು ನಿರ್ಧರಿಸಬೇಕು. ಪುಟದ ಆವೃತ್ತಿ ಹಳೆಯದಾಗಿದ್ದರೆ ಬಿಲ್ಲನ್ನು ತಿರಸ್ಕರಿಸಿ, ಪುಟವನ್ನು ಮುಚ್ಚಿ ತೆರೆಯಿರಿ ಎಂದು ಹೇಳಬೇಕು. ಅಷ್ಟಾದರೆ ಕ್ಯಾಶ್ ಎಷ್ಟೇ ಹಳಸಿದರೂ ಗಿರಾಕಿಯ ಜೇಬಿಗೆ ಕತ್ತರಿ ಬೀಳುವುದಿಲ್ಲ.

ಉಳಿದದ್ದನ್ನು ಸಂಸ್ಥೆಯವರಿಗೆ ಬರವಣಿಗೆಯಲ್ಲೇ ಕೇಳಿ. ಹೊಸ ಸರ್ವಿಸ್ ವರ್ಕರ್ ಬಂದೊಡನೆ ಪುಟದ ಮೇಲ್ಭಾಗದಲ್ಲಿ “ಹೊಸ ಆವೃತ್ತಿ ಸಿದ್ಧವಿದೆ” ಎಂಬ ಪಟ್ಟಿ ಕಾಣಿಸಬೇಕು, ಅದನ್ನು ಒತ್ತಿದಾಗ ಎಲ್ಲಾ ಟ್ಯಾಬುಗಳೂ ಹೊಸದಕ್ಕೆ ಬದಲಾಗಬೇಕು. ತಾನಾಗಿಯೇ ಬದಲಾಗುವಂತೆ ಮಾಡಿಸುವುದು ಬೇಡ; ಅರ್ಧ ಬಿಲ್ ಹಾಕುತ್ತಿರುವಾಗ ಪುಟ ಒಂದು ಆವೃತ್ತಿಯದು, ಕಡತ ಇನ್ನೊಂದು ಆವೃತ್ತಿಯದು ಎಂದಾದರೆ ಆ ಗೊಂದಲ ಈಗಿನದಕ್ಕಿಂತ ಕೆಟ್ಟದ್ದು. ಮೊದಲು ತೆರೆಯುವ ಮುಖ್ಯ ಪುಟಕ್ಕೆ ನೋ-ಕ್ಯಾಶ್ ಇರಲಿ: ಆಗ ಬ್ರೌಸರ್ ಪ್ರತಿ ಇಟ್ಟುಕೊಂಡಿದ್ದರೂ ಪ್ರತಿ ಸಲ ಈಟ್ಯಾಗ್ ಎಂಬ ಆವೃತ್ತಿಯ ಗುರುತು ತೋರಿಸಿ ವಿಚಾರಿಸುತ್ತದೆ, ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಪುಟ್ಟ ಉತ್ತರ ಕೊಟ್ಟು ಕಳುಹಿಸುತ್ತದೆ. ಒಳಗಿನ ಸ್ಕ್ರಿಪ್ಟ್ ಕಡತಗಳ ಹೆಸರಿನಲ್ಲೇ ಅವುಗಳ ಒಡಲಿನಿಂದ ಹುಟ್ಟಿದ ಗುರುತಿನ ಅಕ್ಷರಗಳಿದ್ದರೆ (ಕಡತ ಬದಲಾದರೆ ಹೆಸರೂ ಬದಲಾಗುತ್ತದೆ), ಅವುಗಳಿಗೆ ಮ್ಯಾಕ್ಸ್-ಏಜ್, ಅಂದರೆ ಪ್ರತಿಯನ್ನು ತಾಜಾ ಎಂದು ಇಟ್ಟುಕೊಳ್ಳಬಹುದಾದ ಅವಧಿ, 31536000 ಸೆಕೆಂಡ್, ಅಂದರೆ ಒಂದು ವರ್ಷ, ಧಾರಾಳವಾಗಿ ಕೊಡಬಹುದು. ಯಾವ ಸೂಚನೆಯನ್ನೂ ಕೊಡದೆ ಬಿಡುವುದು ಮಾತ್ರ ಅಪಾಯ: ಕಡತ ಕೊನೆಯ ಸಲ ಬದಲಾಗಿ ಎಷ್ಟು ದಿನವಾಗಿದೆಯೋ ಅದರ ಹತ್ತನೇ ಒಂದು ಭಾಗದಷ್ಟು ಕಾಲ ಅದನ್ನು ತಾಜಾ ಎಂದು ಬ್ರೌಸರುಗಳು ಸಾಮಾನ್ಯವಾಗಿ ಊಹಿಸುತ್ತವೆ, ವೆಬ್ ಕ್ಯಾಶ್‌ನ ನಿಯಮಗಳ ದಾಖಲೆಯಾದ 2022ರ ಆರ್‌ಎಫ್‌ಸಿ 9111 ಕೂಡ ಈ ವಾಡಿಕೆಯನ್ನು ಹೇಳುತ್ತದೆ. ನೂರು ದಿನ ಮುಟ್ಟದೆ ಇದ್ದ ದರಪಟ್ಟಿ ಹಾಗೆ ಹತ್ತು ದಿನ ಸದ್ದಿಲ್ಲದೆ ಹಳೆಯದಾಗಿಯೇ ಉಳಿಯಬಹುದು.

ಉತ್ತರ: ತೆರಿಗೆ ಕಡತ, ದಾವಣಗೆರೆ

ತಾಂತ್ರಿಕ ವಿಷಯ ನನಗೆ ಸೇರಿದ್ದಲ್ಲ. ಸೆಪ್ಟೆಂಬರ್ 22ರ ನಂತರ ಹೋದ ಹೆಚ್ಚಿನ ದರದ ಬಿಲ್ಲುಗಳನ್ನು ಹಾಗೆಯೇ ಬಿಡಬೇಡಿ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 34ನೇ ಕಲಮಿನಡಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಕೊಟ್ಟು, ಹೆಚ್ಚಿಗೆ ಪಡೆದ ಹಣವನ್ನು ಗಿರಾಕಿಗೆ ಹಿಂದಿರುಗಿಸಿ. ತೆರಿಗೆಯೆಂದು ವಸೂಲಿ ಮಾಡಿದ ಹಣವನ್ನು ಮಳಿಗೆಯಲ್ಲಿ ಇಟ್ಟುಕೊಳ್ಳಲು 76ನೇ ಕಲಮು ಬಿಡುವುದಿಲ್ಲ.

ಪ್ರಶ್ನಿಸಿದವರು: ಲೆಕ್ಕದಮೇಜು, ದಾವಣಗೆರೆ

ಟ್ಯಾಬುಗಳನ್ನೆಲ್ಲಾ ಮುಚ್ಚಿ ತೆರೆದ ಕೂಡಲೇ ಹರಿಹರದಲ್ಲಿ ಶೇ. 18 ಬಂತು, ಎಫ್5 ಒತ್ತಿದರೂ ಹಾಗೆಯೇ ನಿಂತಿದೆ. ಕ್ರೆಡಿಟ್ ನೋಟ್ ಕೆಲಸ ಆರಂಭಿಸಿದ್ದೇವೆ. ಸಂಸ್ಥೆಯವರು ಎಲ್ಲವನ್ನೂ ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ ಎಂದಿದ್ದಾರೆ. ಅವರು ನಿಜವಾಗಿ ಸರಿಪಡಿಸಿದ್ದಾರೆಯೇ ಎಂದು ಪ್ರೋಗ್ರಾಂ ಬರೆಯಲು ಬಾರದ ನನ್ನಂಥವರು ತಿಳಿಯುವುದು ಹೇಗೆ?

ಉತ್ತರ: ಕೋಟೆನಾಡಿನ ಕೋಡಿಗ, ಚಿತ್ರದುರ್ಗ

ಪರೀಕ್ಷೆಯನ್ನು ಅವರ ಕೈಯಿಂದಲೇ, ನಿಮ್ಮ ಕಣ್ಣೆದುರಿಗೆ ಮಾಡಿಸಿ. ಹೊಸ ಆವೃತ್ತಿ ಹಾಕುವ ಮೊದಲು ಒಂದು ಕಂಪ್ಯೂಟರಿನಲ್ಲಿ ಎರಡು ಟ್ಯಾಬ್ ತೆರೆದಿಡಿ, ಆವೃತ್ತಿ ಹಾಕಿದ ಮೇಲೂ ಮುಚ್ಚಬೇಡಿ. ಒಂದು ಟ್ಯಾಬನ್ನು ಎಫ್5ನಿಂದ ಮತ್ತೆ ತೆರೆದಾಗ “ಹೊಸ ಆವೃತ್ತಿ” ಎಂಬ ಪಟ್ಟಿ ಕಾಣಿಸಬೇಕು. ಅದನ್ನು ಒತ್ತದೆ, ಹಾಗೇ ಬಿಟ್ಟ ಹಳೆಯ ಟ್ಯಾಬಿನಿಂದ ಪರೀಕ್ಷಾ ಬಿಲ್ಲೊಂದನ್ನು ಉಳಿಸಲು ನೋಡಿ. ಸರ್ವರ್ ಅದನ್ನು ತಿರಸ್ಕರಿಸಬೇಕು. ಬಿಲ್ ಸಂಖ್ಯೆ ಹುಟ್ಟಿದರೆ ಕೆಲಸ ಮುಗಿದಿಲ್ಲ ಎಂದು ಹೇಳಿ ಸಂಸ್ಥೆಗೆ ಕೊಡಬೇಕಾದ ಕಂತಿನ ಹಣವನ್ನು ತಡೆಹಿಡಿಯಿರಿ. ಜೊತೆಗೆ ಹಿಂದಿನ ಆವೃತ್ತಿಯ ಕಡತಗಳನ್ನು ಸರ್ವರಿನಿಂದ ತಕ್ಷಣವೇ ತೆಗೆದುಹಾಕಬಾರದೆಂದೂ ತಿಳಿಸಿ. ತೆಗೆದರೆ, ತೆರೆದೇ ಇದ್ದ ಹಳೆಯ ಪುಟ ತನ್ನ ಕಡತ ಕೇಳಿ 404, ಅಂದರೆ ಸಿಗಲಿಲ್ಲ ಎಂಬ ಉತ್ತರ, ಪಡೆದು ಬಿಳಿ ಪರದೆಯಾಗಿ ನಿಲ್ಲುತ್ತದೆ. ಆಗ ಫೋನ್ ಬರುವುದು ನಿಮಗೇ.