‘ಬಸ್ತೀದ್’ ಪದಕ್ಕೆ ‘ಕೋಟೆಪಟ್ಟಣ’ ಅಂದರೆ ಸರಿಯೇ?

ಗೆಳೆಯರೇ,

ಫ್ರಾನ್ಸಿನ ಹಳೇ ಊರುಗಳ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಬಸ್ತೀದ್’ ಅನ್ನೋ ಪದ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಅರ್ಥ ‘ಮಧ್ಯಯುಗದ ಕೋಟೆಪಟ್ಟಣ’. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಪದ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಭಾಷೆಯಲ್ಲಿ. ಅಲ್ಲಿ ‘ಬಸ್ತಿರ್’ ಅಂದರೆ ಕಟ್ಟು. ‘ಬಸ್ತಿದ’ ಅಂದರೆ ಕಟ್ಟಿದ್ದು, ಅಷ್ಟೇ. ಈಗಿನ ಫ್ರೆಂಚಿನ ‘ಬಾತೀರ್’ ಕೂಡ ಅದೇ ಬೇರಿನದು. ಇನ್ನೂ ಹಿಂದಕ್ಕೆ ಹೋದರೆ ನಾರು ಹೆಣೆಯುವ ಅರ್ಥದ ಜರ್ಮನಿಕ್ ಮೂಲ ಸಿಗುತ್ತದೆ. ಪ್ಯಾರಿಸ್ಸಿನ ಬಾಸ್ಟಿಲ್ ಕೋಟೆಯ ಹೆಸರು ಇದೇ ಪದದ ಇನ್ನೊಂದು ರೂಪ. ಹಾಗಾಗಿ ಬಸ್ತೀದ್ ಅಂದ ಕೂಡಲೇ ಕೋಟೆ ನೆನಪಾಗೋದು ಸಹಜ. (ನಮ್ಮ ಬಸದಿ, ಬಸ್ತಿಗೂ ಇದಕ್ಕೂ ನಂಟಿಲ್ಲ. ಅವು ‘ವಸತಿ’ಯಿಂದ ಬಂದವು.)

ಆದರೆ ಬಸ್ತೀದ್ ಅನ್ನಿಸಿಕೊಂಡ ಊರುಗಳನ್ನೇ ನೋಡಿ. 13-14ನೇ ಶತಮಾನದಲ್ಲಿ ತುಲೂಸ್ ಸೀಮೆಯ ಒಡೆಯರಾದ ಕೌಂಟ್‌ಗಳು, ಫ್ರಾನ್ಸಿನ ದೊರೆಗಳು, ಅಲ್ಲಿನ ಸೀಮೆ ಆಳುತ್ತಿದ್ದ ಇಂಗ್ಲೆಂಡಿನ ರಾಜರು ಪೈಪೋಟಿಯಿಂದ ಇವನ್ನು ಕಟ್ಟಿಸಿದರು. ಬಂದು ನೆಲೆಸುವವರಿಗೆ ಮನೆ ಕಟ್ಟಲು ನಿವೇಶನ, ಕೆಲವು ಹಕ್ಕು ಮತ್ತು ವಿನಾಯಿತಿ ಬರೆದುಕೊಟ್ಟರು. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1284ರಲ್ಲಿ ಕಟ್ಟಿಸಿದ ಮೊಂಪಾಜಿಯೆಯಲ್ಲಿ ಬೀದಿಗಳೆಲ್ಲ ನೂಲು ಹಿಡಿದ ಹಾಗೆ ನೇರ. ಮನೆ ಮನೆ ನಡುವೆ ಕಿರಿದಾದ ಸಂದಿ. ಊರಿನ ಮಧ್ಯೆ ಚೌಕ, ಅದರ ಸುತ್ತ ಕಮಾನಿನ ಜಗಲಿ. ಒಂದು ಬದಿಗೆ ಮರದ ಕಂಬಗಳ ಸಂತೆಕಟ್ಟೆ. ಕಾಳು ಅಳೆಯುವ ಹಳೇ ಕೊಳಗಗಳು ಅಲ್ಲಿ ಇವತ್ತಿಗೂ ಇವೆ. ಇಡೀ ಊರಿನ ಜೀವ ಇರೋದು ಈ ಚೌಕದಲ್ಲಿ. ಎಷ್ಟೋ ಬಸ್ತೀದ್‌ಗಳಿಗೆ ಶುರುವಿನಲ್ಲಿ ಗೋಡೆಯೇ ಇರಲಿಲ್ಲ. ಯುದ್ಧದ ಭಯ ಜಾಸ್ತಿಯಾದ ಮೇಲೆ ಸುತ್ತ ಗೋಡೆ ಎದ್ದಿತು.

ಇಂಥ ಊರುಗಳಿಗೆ ಇಟ್ಟ ಹೆಸರುಗಳೂ ಕೋಟೆಯನ್ನಲ್ಲ, ಹೊಸದಾಗಿ ನೆಲೆಗೊಳಿಸಿದ ಊರನ್ನೇ ಹೇಳುತ್ತವೆ. ವಿಲ್‌ನವ್ ಅಂದರೆ ನಮ್ಮ ಹೊಸೂರು. ವಿಲ್‌ಫ್ರಾಂಶ್ ಅಂದರೆ ವಿನಾಯಿತಿ ಪಡೆದ ಊರು.

ಹಾಗಾಗಿ ‘ಪೇಟೆ’ಯೇ ಹತ್ತಿರದ ಪದ ಅನ್ನಿಸುತ್ತದೆ. ದೊರೆ ಪೇಟೆ ಕಟ್ಟಿಸಿದ ಅಂತ ನಾವು ಹೇಳುತ್ತೇವೆ ಅಲ್ವಾ, ಅದೇ ಅರ್ಥದಲ್ಲಿ. ಆದರೆ ಬರೀ ‘ಪೇಟೆ’ ಅಂದರೆ ಅಂಗಡಿಸಾಲು ಅಂದುಕೊಳ್ಳುತ್ತಾರೆ. ‘ಹೊಸಪೇಟೆ’ ಅಂದರೆ ಹಂಪಿ ಪಕ್ಕದ ಊರು ಕಣ್ಣಮುಂದೆ ಬರುತ್ತದೆ. ಸದ್ಯಕ್ಕೆ ಮೊದಲ ಸಲ ‘ಬಸ್ತೀದ್ ಎಂಬ ಹೊಸದಾಗಿ ಕಟ್ಟಿಸಿದ ಪೇಟೆ’ ಎಂದು ಬರೆದು, ಮುಂದೆ ‘ಬಸ್ತೀದ್’ ಎಂದೇ ಉಳಿಸಿಕೊಂಡಿದ್ದೇನೆ. ಜನರನ್ನು ಕರೆತಂದು ನೆಲೆಗೊಳಿಸಿದ ಊರಿಗೆ ಶಾಸನಗಳಲ್ಲೋ ನಿಮ್ಮ ಕಡೆಯ ಮಾತಿನಲ್ಲೋ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ.