ಸಮಸ್ಯೆ (ಕೊಟ್ಟ ಕೊನೆಯ ಸಾಲಿಗೆ ಮೊದಲ ಮೂರು ಸಾಲು ಹೊಂದಿಸಿ ಕಂದಪದ್ಯ ಮಾಡಬೇಕು): ‘ಚಳಿಯಿಂ ಕಿಚ್ಚುದಿಸಿತೆಂಬುದಚ್ಚರಿಯಲ್ತೇ’

ಪೃಚ್ಛಕ: ವಸ್ತು ‘ಗಾಡ್ ಆಫ್ ವಾರ್’ (2018) ವಿಡಿಯೊ ಆಟದ ನಾಯಕ ಕ್ರೇಟೋಸನ ಲೆವಯಾಥನ್ ಕೊಡಲಿ. ತಾಗಿದ್ದನ್ನು ಹೆಪ್ಪುಗಟ್ಟಿಸುವ ಆಯುಧದಿಂದ ಕಿಚ್ಚು ಹೇಗೆ ಹುಟ್ಟೀತು? ಪಾಶುಪತಾಸ್ತ್ರದ ಕಡೆಗೆ ಜಾರಿಕೊಂಡವರಿಗೆ ಮನ್ನಣೆಯಿಲ್ಲ.

ಕಂದವ್ರತಿ:
ಉಳಿಸಲ್ ಮಗನಂ ಹೆಲ್ಲೊಳ್
ಕಳೆಯಲ್ ಬಲಮಂ ಹಿಮಗೊಡಲಿ ನೆಲದ ಕೆಳಗಿಂ
ತಳೆದನುರಿಗತ್ತಿಗಳನಾ
ಚಳಿಯಿಂ ಕಿಚ್ಚುದಿಸಿತೆಂಬುದಚ್ಚರಿಯಲ್ತೇ

ಹೆಲ್‌ಹೈಮ್‌ನಲ್ಲಿ (ಸತ್ತವರ ಹಿಮಲೋಕ) ಈ ಕೊಡಲಿ ಕೆಲಸಕ್ಕೆ ಬಾರದೆಂದು ದೇವತೆ ಫ್ರೇಯಾ ಎಚ್ಚರಿಸಿದ ಮೇಲೆ ತಾನೇ ಕ್ರೇಟೋಸ್ ಮನೆಯ ನೆಲದಡಿಯಿಂದ ಬ್ಲೇಡ್ಸ್ ಆಫ್ ಕೇಯಾಸ್ ಎಂಬ ಉರಿಗತ್ತಿಗಳನ್ನು ಹೊರತೆಗೆದದ್ದು?

ಲಕ್ಷಣಿಗ: ಕಲ್ಪನೆ ಒಪ್ಪಿದೆ. ‘ಹಿಮಗೊಡಲಿ’ ಅರಿಸಮಾಸ, ಸಂಸ್ಕೃತದ ‘ಹಿಮ’ಕ್ಕೆ ಕನ್ನಡದ ‘ಕೊಡಲಿ’ಯನ್ನು ಬೆಸೆದ ದೋಷ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗ ಹೇಳಿದ್ದು ಇಂಥದ್ದಕ್ಕೇ. ಕಳೆದ ಸಮಸ್ಯೆಯಲ್ಲೂ ನಿಮಗೆ ಇದನ್ನೇ ಹೇಳಿದ್ದೆ.

ಕಂದವ್ರತಿ: ಕಳೆದ ಸಲ ಹೇಳಿದ್ದನ್ನು ಸಾಧಿಸಿ ತೋರಿಸಲಿಲ್ಲ. ಬಿರುದುಗಳಲ್ಲಿ ಅರಿಸಮಾಸ ಸಲ್ಲುತ್ತದೆಂದು ವೈಯಾಕರಣ ಕೇಶಿರಾಜನೇ ಒಪ್ಪಿದ್ದಾನೆ. ಬ್ರೋಕ್, ಸಿಂಡ್ರಿ ಸಹೋದರರು ಮಾಡಿದ ಆಯುಧಕ್ಕೆ ಇದು ಬಿರುದು.

ಲಕ್ಷಣಿಗ: ಬಿರುದು ರೂಢಿಯಲ್ಲಿ ಇರಬೇಕು, ಪದ್ಯ ತುಂಬಿಸಲು ಹುಟ್ಟಬಾರದು. ‘ಕುಳಿರ್ಗೊಡಲಿ ನೆಲದಡಿಯಿಂ’ ಎಂದು ತಿದ್ದಿಕೊಳ್ಳಿ, ಅಚ್ಚಗನ್ನಡವಾಗುತ್ತದೆ.

ಕಂದವ್ರತಿ: ‘ಕುಳಿರ್’ ಶಿಥಿಲ, ಅದರ ‘ಳಿ’ಯನ್ನು ಗುರುವಾಗಿಯೂ ಲಘುವಾಗಿಯೂ ಓದಬಹುದು. ತೇಲಿಸಿ (ಲಘುವಾಗಿ) ಓದಿದವನಿಗೆ ನಿಮ್ಮ ಸಾಲು ಒಂದು ಮಾತ್ರೆ ಕುಂಟುತ್ತದೆ. ನನ್ನದು ಯಾರು ಓದಿದರೂ ನಿಲ್ಲುತ್ತದೆ.

ಬೆಳ್ನುಡಿ:
ಕೆಳದಿಯ ಕೊಡಲಿಯೆ ಮರನಂ
ಬಳಸಿದ ಮಂಜಿನೊಳೆ ಕಡಿದು ಚಿತೆಯಂ ಮಾಡಲ್
ಬೆಳಗಿದುದಾ ಬನಮೆಲ್ಲಂ
ಚಳಿಯಿಂ ಕಿಚ್ಚುದಿಸಿತೆಂಬುದಚ್ಚರಿಯಲ್ತೇ

ಆಟದ ಆರಂಭವೇ ಇದು. ಕೊಡಲಿ ಕ್ರೇಟೋಸನ ತೀರಿಕೊಂಡ ಮಡದಿ ಫೇಯಳದು, ಚಿತೆಯೂ ಅವಳದು.

ಪೃಚ್ಛಕ: ಸೊಗಸಾಗಿದೆ.

ಲಕ್ಷಣಿಗ: ಹೌದು, ಚೆನ್ನಾಗಿದೆ. ಕಂದವ್ರತಿಗಳೇ, ಶಿಥಿಲವನ್ನು ತೇಲಿಸುವುದೂ ಊದುವುದೂ (ಗುರುವಾಗಿಸುವುದೂ) ಕವಿಯ ಇಚ್ಛೆ. ಅದಿರಲಿ, ನಿಮ್ಮ ‘ಉಳಿಸಲ್’ ಹಳಗನ್ನಡದಲ್ಲಿ ‘ಉೞಿಸಲ್’. ಪ್ರಾಸಕ್ಕೆ ಪ್ರತಿ ಸಾಲಿನ ಎರಡನೆಯ ವ್ಯಂಜನ ಒಂದೇ ಆಗಿರಬೇಕಲ್ಲ, ಕಳೆ, ತಳೆ, ಚಳಿಗಳ ನಡುವೆ ೞಕಾರ ಹೇಗೆ ಪ್ರಾಸವಾಯಿತು?

ಮಾತ್ರಾಬಂಧು: ಎಸೆದರೆ ಕೈಗೆ ಮರಳಿ ಬರುವುದೇ ಈ ಕೊಡಲಿಯ ಹೆಚ್ಚುಗಾರಿಕೆ. ಥೋರನ ಸುತ್ತಿಗೆ ಮ್ಯೋಲ್ನಿರ್ ಕೂಡ ಅದೇ ಸಹೋದರರ ಕೈಕೆಲಸ. ಇಬ್ಬರ ಪದ್ಯದಲ್ಲೂ ಆ ಮಾತೇ ಇಲ್ಲವಲ್ಲ!

ಲಕ್ಷಣಿಗ: ಅದಕ್ಕೆ ಬೇರೆ ಸಮಸ್ಯೆ ಕೊಡಿ. ನನಗೆ ೞಕಾರದ ಉತ್ತರ ಬೇಕು.

ಕಂದವ್ರತಿ: ನಾರ್ಸ್ ಜನರ ‘ಹೆಲ್’ ಪದ್ಯದೊಳಗೆ ಬಂದಾಗ ಸುಮ್ಮನಿದ್ದವರು ೞಕಾರಕ್ಕೆ ಎದ್ದು ನಿಂತಿದ್ದೀರಿ. ಆಗಲಿ, ಮೊದಲ ಸಾಲು ‘ಎಳೆಯಂಗಾಗಿಯೆ ಹೆಲ್ಲೊಳ್’ ಎಂದಿರಲಿ. ಹಿಮಗೊಡಲಿಯನ್ನು ಮಾತ್ರ ನಾನು ಬಿಡುವುದಿಲ್ಲ.