ಅವಶೇಷಗಳಡಿಯಿಂದ ಹೊರಬಂದ ಗಾಯಾಳುಗಳ ಶುಶ್ರೂಷೆ: ಒಂದು ಪ್ರಶ್ನೆ

ನರ್ಸಿಂಗ್ ವಿದ್ಯಾರ್ಥಿನಿ, ಧಾರವಾಡ:
2001ರ ಜನವರಿ 26ರ ಗುಜರಾತಿನ ಭುಜ್ ಭೂಕಂಪದ ಕುರಿತು ನಾನು ತರಗತಿಯಲ್ಲಿ ಮಾತನಾಡಬೇಕಿದೆ. ಗೋಡೆಯಡಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದರೂ ನೀರು ಕೇಳುತ್ತಾ, ಮಾತನಾಡುತ್ತಾ ಇದ್ದವರು, ಕಲ್ಲು ಸರಿಸಿ ಹೊರತೆಗೆದ ಸ್ವಲ್ಪ ಹೊತ್ತಿಗೇ ತೀರಿಕೊಳ್ಳುವುದುಂಟು ಎಂದು ಓದಿದೆ. ಇದಕ್ಕೆ ಕಾರಣವೇನು? ಪ್ರಯೋಗಾಲಯವಾಗಲಿ ವಿದ್ಯುತ್ತಾಗಲಿ ಇಲ್ಲದ ಕಡೆ ನರ್ಸ್ ಆದವರು ಏನನ್ನು ಗಮನಿಸಬೇಕು?

ತುರ್ತು ಚಿಕಿತ್ಸಾ ವೈದ್ಯ, ಹುಬ್ಬಳ್ಳಿ:
ಇದನ್ನು ಕ್ರಷ್ ಸಿಂಡ್ರೋಮ್ ಎನ್ನುತ್ತೇವೆ. 1941ರಲ್ಲಿ, ಲಂಡನ್ನಿನ ಬಾಂಬ್ ದಾಳಿಯಲ್ಲಿ ಕಟ್ಟಡಗಳಡಿ ಸಿಕ್ಕವರನ್ನು ನೋಡಿದ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದರು. ಭಾರದಡಿ ಜಜ್ಜಿದ ಸ್ನಾಯುಗಳಿಂದ ಸೋರಿದ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ (ಸ್ನಾಯುವಿನೊಳಗಿನ ಕೆಂಪು ಪ್ರೋಟೀನ್), ಭಾರ ತೆಗೆದೊಡನೆ ರಕ್ತಕ್ಕೆ ನುಗ್ಗುತ್ತವೆ. ಮೊದಲನೆಯದು ಹೃದಯವನ್ನು ನಿಲ್ಲಿಸಬಲ್ಲದು, ಎರಡನೆಯದು ಮೂತ್ರಪಿಂಡವನ್ನು ಕೆಡಿಸುತ್ತದೆ. ಆದ್ದರಿಂದ ಕೈಗೆ ನರ ಸಿಕ್ಕುವಂತಿದ್ದರೆ, ಕಲ್ಲು ಎತ್ತುವ ಮೊದಲೇ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ಹಚ್ಚಬೇಕು. ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಡ್ರಿಪ್ ದ್ರವದಲ್ಲಿ ಪೊಟ್ಯಾಸಿಯಂ ಇರುವುದರಿಂದ ಅದು ಬೇಡ. ನಮ್ಮ ಜನ ಅಕ್ಕರೆಯಿಂದ ತರುವ ಎಳನೀರು, ಬಾಳೆಹಣ್ಣುಗಳಲ್ಲಿಯೂ ಪೊಟ್ಯಾಸಿಯಂ ಹೇರಳವಾಗಿದೆಯೆಂಬುದನ್ನು ಮನೆಯವರಿಗೆ ಸಮಾಧಾನದಿಂದ ತಿಳಿಸಿ ಹೇಳಬೇಕು.

ನಿವೃತ್ತ ಶುಶ್ರೂಷಕಿ, ಬೆಳಗಾವಿ:
ತಂಗೀ, ನಾನು ತಂಡದೊಂದಿಗೆ ಭುಜ್ ತಲುಪಿದ್ದು ನಾಲ್ಕನೆಯ ದಿನ. ಊರಿನ ಸಿವಿಲ್ ಆಸ್ಪತ್ರೆಯೇ ಕುಸಿದಿತ್ತು. ನೆಲ ಮತ್ತೆ ಮತ್ತೆ ನಡುಗುತ್ತಿದ್ದುದರಿಂದ ಗಾಯಾಳುಗಳು ಸೂರಿನಡಿ ಮಲಗಲು ಒಪ್ಪುತ್ತಿರಲಿಲ್ಲ; ಜನವರಿಯ ಕೊರೆಯುವ ಚಳಿಯಲ್ಲಿ, ಡೇರೆಯಲ್ಲೇ ನಮ್ಮ ವಾರ್ಡು. ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಒಂದೇ: ಮೂತ್ರವನ್ನು ನೋಡಿ, ಅಳೆಯಿರಿ, ಬರೆಯಿರಿ. ಕಾಲು ಜಜ್ಜಿದ್ದ ಒಬ್ಬ ತಾಯಿಯ ಯುರೋಬ್ಯಾಗನ್ನು (ಮೂತ್ರ ಸಂಗ್ರಹವಾಗುವ ಚೀಲವನ್ನು) ನಾನು ಗಂಟೆಗೊಮ್ಮೆ ಡೇರೆಯ ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದೆ. ಹಾಲು ಹಾಕದ ಕಡುಚಹಾದಂತಿದ್ದ ಬಣ್ಣ ಮೂರನೆಯ ದಿನ ತಿಳಿಯಾದಾಗ, ಆಕೆಯ ಮಗಳನ್ನು ಕರೆದು ತೋರಿಸಿದೆ. ಭಾಷೆ ಬಾರದಿದ್ದರೂ ಆಕೆಗೆ ಅರ್ಥವಾಯಿತು.

ತುರ್ತು ಚಿಕಿತ್ಸಾ ವೈದ್ಯ, ಹುಬ್ಬಳ್ಳಿ:
ಸಿಸ್ಟರ್ ಹೇಳಿದ್ದು ಸರಿ. ವಯಸ್ಕರಲ್ಲಿ ಮೊದಮೊದಲು ಗಂಟೆಗೆ 200ರಿಂದ 300 ಮಿಲಿಲೀಟರ್ ಮೂತ್ರ ಬರುವಂತೆ ನೋಡಿಕೊಳ್ಳುತ್ತೇವೆ. ಆದರೆ ಸಲೈನ್ ಹೋದರೂ ಮೂತ್ರ ಇಳಿಯದಿದ್ದರೆ, ಬಾಟಲಿಯ ಮೇಲೆ ಬಾಟಲಿ ಏರಿಸುತ್ತಾ ಹೋಗಬಾರದು. ನೀರು ಶ್ವಾಸಕೋಶದಲ್ಲಿ ತುಂಬುತ್ತದೆ. ಅಂಥವರನ್ನು ತಡಮಾಡದೆ ಡಯಾಲಿಸಿಸ್ ಇರುವ ಊರಿಗೆ ಕಳುಹಿಸಬೇಕು.

ನರ್ಸಿಂಗ್ ವಿದ್ಯಾರ್ಥಿನಿ, ಧಾರವಾಡ:
ಹಾಗೆ ಕಳುಹಿಸುವಾಗ ಕೇಸ್ ಶೀಟ್ ಇಲ್ಲದಿದ್ದರೆ, ಮಾಡಿದ ಚಿಕಿತ್ಸೆ ಮುಂದಿನ ಆಸ್ಪತ್ರೆಗೆ ತಿಳಿಯುವುದು ಹೇಗೆ, ಅಕ್ಕ?

ನಿವೃತ್ತ ಶುಶ್ರೂಷಕಿ, ಬೆಳಗಾವಿ:
ಕಾಗದ ಕಳೆದುಹೋಗುತ್ತದೆ, ತಂಗೀ. ನಾವು ಮಾರ್ಕರ್ ಪೆನ್ನಿನಿಂದ ಪ್ಲಾಸ್ಟರಿನ ಮೇಲೆಯೇ ಬರೆದೆವು: ಮೂಳೆ ಮುರಿದ ಜಾಗ, ದಿನಾಂಕ, ಟಿ.ಟಿ. (ಧನುರ್ವಾಯು ತಡೆಯುವ ಚುಚ್ಚುಮದ್ದು) ಕೊಟ್ಟಿದೆಯೇ, ಕೊನೆಯ ಬಾರಿ ಮೂತ್ರ ಎಷ್ಟು ಗಂಟೆಗೆ, ಎಷ್ಟು ಬಂತು. ಮಣ್ಣು ಹೊಕ್ಕ ಗಾಯವನ್ನು ಕೂಡಲೇ ಹೊಲಿಯದೆ, ತೊಳೆದು ತೆರೆದಿಟ್ಟಿದ್ದರೆ ಅದನ್ನೂ ಬರೆಯಬೇಕು; ಇಲ್ಲವಾದರೆ ಮುಂದಿನವರು ಮರೆತು ಬಿಟ್ಟಿದ್ದಾರೆಂದು ತಿಳಿದು ಹೊಲಿದುಬಿಡುತ್ತಾರೆ. ಪ್ಲಾಸ್ಟರ್ ಇಲ್ಲದವರಿಗೆ ಅಂಟುಪಟ್ಟಿಯ ಮೇಲೆ ಬರೆದು ಎದೆಗೆ ಅಂಟಿಸುತ್ತಿದ್ದೆವು.